200 ಕುಕೀಸ್, ಒಂದೇ ಓವನ್: ಹಂಚಲಿಕ್ಕೆ ಮಾಡುವವರು ಯಾವ ಹಿಟ್ಟು ಕಲಸುತ್ತೀರಿ?

ಹಿಟ್ಟಿನ ಕೈ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ 50 ಜನ ಇದ್ದೇವೆ. ಮುಂದಿನ ತಿಂಗಳ ಕೂಟದ ದಿನ ಒಬ್ಬೊಬ್ಬರ ಕೈಗೂ ನಾಲ್ಕು ಕುಕೀಸಿನ ಪೊಟ್ಟಣ ಕೊಡಬೇಕೆಂದು ಆಸೆ. ಲೆಕ್ಕಕ್ಕೆ 200. ಮನೆಮಟ್ಟಿಗೆ 20, 25 ಮಾಡಿ ರೂಢಿಯಿದೆ, ಚೆನ್ನಾಗಿಯೇ ಬರುತ್ತವೆ.

ಅಭ್ಯಾಸವಾಗಲಿ ಎಂದು ಹೋದ ಭಾನುವಾರ ಅದೇ ಚಾಕೊಲೇಟ್ ಚಿಪ್ ಕುಕೀಸಿನ ಹಿಟ್ಟನ್ನು ನಾಲ್ಕು ಪಟ್ಟು ಕಲಸಿದೆ. ಮೊದಲ ಟ್ರೇ ಎಂದಿನ ಹಾಗೆ ಬಂತು. ಎರಡನೆಯದು ಚಪ್ಪಟೆ. ಮೂರನೆಯದು, ನಾಲ್ಕನೆಯದು ಕರಗಿ ಹರಡಿ, ಒಂದಕ್ಕೊಂದು ಕೂಡಿಕೊಂಡು ಇಡೀ ಟ್ರೇ ಒಂದೇ ಹಾಳೆ. ಅಂಚು ಕಪ್ಪು, ನಡುವೆ ಹಸಿ. ಹಿಟ್ಟು ಅದೇ, ಓವನ್ ಅದೇ, 180 ಡಿಗ್ರಿ ಅದೇ. ಮಧ್ಯಾಹ್ನವಿಡೀ ನಿಂತದ್ದು ವ್ಯರ್ಥವಾಯಿತಲ್ಲ ಎಂದು ಬಹಳ ಬೇಜಾರಾಯಿತು.

ಹೀಗೇಕಾಯಿತು? ಇಷ್ಟು ದೊಡ್ಡ ಲೆಕ್ಕಕ್ಕೆ ಯಾವ ಕುಕೀಸ್ ಸುಲಭ? ಎಷ್ಟು ದಿನ ಮುಂಚೆ ಶುರು ಮಾಡಬಹುದು? ಬಳಗದಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ನನ್ನ ಹತ್ತಿರ ಇರುವುದು ಒಂದು ಸಾಧಾರಣ ಓವನ್, ಎರಡು ಟ್ರೇ, ಕೈಯಲ್ಲಿ ಹಿಡಿಯುವ ಬೀಟರ್.

ನಿಧಾನ ಕಾವು

ಮೂರನೇ ಸಲ ಉಂಡೆ ಇಡುವಾಗ ಟ್ರೇ ಬಿಸಿ ಇತ್ತಾ? ಹಿಟ್ಟಿನ ಪಾತ್ರೆ ಎಲ್ಲಿತ್ತು?

ಹಿಟ್ಟಿನ ಕೈ

ಬಿಸಿ ಇತ್ತು. ಇರುವುದೇ ಎರಡು ಟ್ರೇ, ಹಾಗಾಗಿ ಕುಕೀಸ್ ತೆಗೆದ ಕೂಡಲೇ ಅದರ ಮೇಲೇ ಮುಂದಿನ ಉಂಡೆ ಇಟ್ಟೆ. ಪಾತ್ರೆ ಓವನ್ ಪಕ್ಕದಲ್ಲೇ ಇತ್ತು.

ನಿಧಾನ ಕಾವು

ಹಾಗಾದರೆ ನಿಮ್ಮ ಹಿಟ್ಟಿನದೇನೂ ತಪ್ಪಿಲ್ಲ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗಿಬಿಡುತ್ತದೆ. ನಮ್ಮ ಮೈಬಿಸಿಗಿಂತಲೂ ಕಡಿಮೆ ಅದು. ಆಗಷ್ಟೇ ಓವನಿನಿಂದ ಬಂದ ಟ್ರೇ ಮೇಲೆ ಉಂಡೆ ಇಟ್ಟರೆ, ಒಳಗೆ ಹೋಗುವ ಮೊದಲೇ ತಳದ ಬೆಣ್ಣೆ ಕರಗಿ ಹರಿಯತೊಡಗುತ್ತದೆ. ಕುಕೀಸಿನ ಆಕಾರ ನಿಲ್ಲುವುದು ಮೊಟ್ಟೆ ಮತ್ತು ಮೈದಾ ಬೆಂದು ಗಟ್ಟಿಯಾದ ಮೇಲೆ. ಅದಕ್ಕೆ ಕೆಲವು ನಿಮಿಷ ಬೇಕು. ಹಿಟ್ಟೂ ಟ್ರೇಯೂ ತಣ್ಣಗಿದ್ದರೆ ಬೆಣ್ಣೆ ತಡವಾಗಿ ಕರಗುತ್ತದೆ, ಅಷ್ಟರಲ್ಲಿ ಅಂಚು ಬೆಂದು ನಿಂತಿರುತ್ತದೆ. ನಿಮ್ಮಲ್ಲಿ ಅದು ತಲೆಕೆಳಗಾಯಿತು.

25 ಮಾಡುವಾಗ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿದಿರುತ್ತದೆ. 100 ಮಾಡುವಾಗ ಕೊನೆಯ ಉಂಡೆಯ ಹಿಟ್ಟು ಎರಡು ಗಂಟೆ ಬಿಸಿ ಅಡುಗೆಮನೆಯಲ್ಲಿ ಕೂತಿರುತ್ತದೆ. ದೊಡ್ಡ ಪ್ರಮಾಣ ಎಂದರೆ ನಾವು ಹಿಟ್ಟು ಹೆಚ್ಚು ಅಂದುಕೊಳ್ಳುತ್ತೇವೆ. ನಿಜವಾಗಿ ಹೆಚ್ಚುವುದು ಹೊತ್ತು. ಆ ಹೊತ್ತನ್ನು ಫ್ರಿಜ್‌ಗೆ ಒಪ್ಪಿಸಿದರೆ ಅರ್ಧ ತೊಂದರೆ ಕಳೆಯಿತು.

ಮಾಡಬೇಕಾದ್ದು ಸುಲಭ. ಬಟರ್ ಪೇಪರನ್ನು ಟ್ರೇ ಅಳತೆಗೆ ಐದಾರು ಹಾಳೆ ಕತ್ತರಿಸಿಡಿ. ಒಂದು ಟ್ರೇ ಓವನಿನಲ್ಲಿರುವಾಗ ಮುಂದಿನ ಉಂಡೆಗಳನ್ನು ಹಾಳೆಯ ಮೇಲೆ ಜೋಡಿಸಿ, ಹಾಳೆಸಮೇತ ಫ್ರಿಜ್‌ನಲ್ಲಿಡಿ. ಬಿಸಿ ಟ್ರೇಯನ್ನು ಹತ್ತು ನಿಮಿಷ ಹೊರಗಿಟ್ಟು, ಆಮೇಲೆ ತಣ್ಣೀರು ಬಿಟ್ಟು ಒರೆಸಿ, ಹಾಳೆಯನ್ನು ಅದರ ಮೇಲೆ ಜಾರಿಸಿ. ಸುಡುವ ಟ್ರೇಗೆ ನೇರವಾಗಿ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ.

ತೂಕದ ತಕ್ಕಡಿ

ನಾಲ್ಕು ಪಟ್ಟು ಮಾಡುವಾಗ ಕಪ್‌ನಲ್ಲಿ ಅಳೆದಿರೋ, ತೂಕ ಮಾಡಿದಿರೋ? ಒಂದು ಕಪ್ ಮೈದಾ ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150 ಮುಟ್ಟುತ್ತದೆ. ಒಂದು ಕಪ್‌ಗೆ 30 ಗ್ರಾಂ ಆಚೀಚೆಯಾದರೆ 16 ಕಪ್‌ಗೆ ಸುಮಾರು ಅರ್ಧ ಕಿಲೋ. ಸಣ್ಣ ಪ್ರಮಾಣದಲ್ಲಿ ಕೈ ಅಂದಾಜು ನಡೆಯುತ್ತದೆ. 200ಕ್ಕೆ ತಕ್ಕಡಿ ಇಲ್ಲದೆ ಇಳಿಯಬೇಡಿ. ಸೋಡಾ ಕೂಡ ಅಷ್ಟೇ. ಒಂದು ಟೀ ಚಮಚ ಎಂದರೆ ಸುಮಾರು 5 ಗ್ರಾಂ, ಅದನ್ನೇ ಗುಣಿಸಿ ತೂಗಿ. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಜರಡಿ ಹಿಡಿಯದಿದ್ದರೆ ಅಲ್ಲಲ್ಲಿ ಗಂಟು ಉಳಿದು ಕಹಿಯಾಗುತ್ತದೆ.

ಯಾವ ಕುಕೀಸ್ ಎಂದು ಕೇಳಿದಿರಿ. ನಾನು ಹಂಚಲಿಕ್ಕೆ ಮಾಡುವುದು ಶಾರ್ಟ್‌ಬ್ರೆಡ್ ಮಾತ್ರ, ಅಂದರೆ ಬೆಣ್ಣೆ ಹೆಚ್ಚಿರುವ ಗರಿಗರಿ ಬಿಸ್ಕತ್ತು. ಅದರ ಲೆಕ್ಕ ತಲೆಯಲ್ಲೇ ಇರುತ್ತದೆ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು ಪಾಲು, ಮೈದಾ ಮೂರು ಪಾಲು, ಎಲ್ಲವೂ ತೂಕದಲ್ಲಿ. ಮೊಟ್ಟೆ ಇಲ್ಲ, ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಹಾಗಾಗಿ ಉಬ್ಬುವ, ಇಳಿಯುವ ತಾಪತ್ರಯವೂ ಕಡಿಮೆ.

100 ಗ್ರಾಂ ಸಕ್ಕರೆ ಪುಡಿ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 300 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು. ಒಟ್ಟು 600 ಗ್ರಾಂ ಹಿಟ್ಟು. ಬೆಣ್ಣೆ ಬೆರಳಿಟ್ಟರೆ ಗುರುತು ಬೀಳುವಷ್ಟು ಮೆತ್ತಗಿರಲಿ, ಹೊಳಪು ಬಂದಿರಬಾರದು. 18ರಿಂದ 20 ಡಿಗ್ರಿ ಸರಿಯಾದ ಹದ. ಬೆಣ್ಣೆ, ಸಕ್ಕರೆ, ಉಪ್ಪು ಬೀಟರಿನಲ್ಲಿ ಎರಡು ನಿಮಿಷ. ಮೈದಾ ಹಾಕಿದ ಮೇಲೆ ಬೀಟರ್ ಬದಿಗಿಡಿ, ಕೈಯಲ್ಲೇ ಒತ್ತಿ ಕೂಡಿಸಿ. ನಾದಬೇಡಿ, ನಾದಿದಷ್ಟೂ ಜಿಗುಟು ಕಟ್ಟಿ ಬಿರುಸಾಗುತ್ತದೆ. ಈ ಹಿಟ್ಟನ್ನು ಬಟರ್ ಪೇಪರಿನಲ್ಲಿ ಉರುಳಿಸಿ 30 ಸೆಂಟಿಮೀಟರ್ ಉದ್ದದ ಒಂದು ರೋಲ್ ಮಾಡಿ. ಫ್ರಿಜ್‌ನಲ್ಲಿ ಎರಡು ಗಂಟೆ. ಪಕ್ಕದಲ್ಲಿ ಸ್ಕೇಲ್ ಇಟ್ಟುಕೊಂಡು ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿದರೆ 30 ಬಿಲ್ಲೆ, ಒಂದೊಂದು 20 ಗ್ರಾಂ. 165 ಡಿಗ್ರಿ, 15ರಿಂದ 18 ನಿಮಿಷ.

ಏಳು ರೋಲ್ ಮಾಡಿದರೆ 210. ಸಕ್ಕರೆ 700 ಗ್ರಾಂ, ಬೆಣ್ಣೆ 1 ಕಿಲೋ 400, ಮೈದಾ 2 ಕಿಲೋ 100. ಅಷ್ಟನ್ನೂ ಒಂದೇ ಸಲಕ್ಕೆ ಕಲಸಲು ಹೋಗಬೇಡಿ, ಕೈಬೀಟರ್ ತಡೆಯುವುದಿಲ್ಲ. ಎರಡೆರಡು ರೋಲಿನಷ್ಟು ಕಲಸುತ್ತಾ ಹೋಗಿ.

ಸೋಡಾಪುಡಿ

ತಕ್ಕಡಿಯವರ ಲೆಕ್ಕ ಖರೇನ ಅದ. ಆದ್ರ ನನ್ನ ಮಾತೂ ಸ್ವಲ್ಪ ಕೇಳ್ರಿ. ಚಾಕೊಲೇಟ್ ಚಿಪ್ ಕುಕೀಸ್ ಕೈಯಾಗ ಕೊಟ್ಟಾಗ ಜನರ ಮುಖದಾಗ ಬರೋ ಸಂತೋಷ ಬ್ಯಾರೇನ ಇರ್ತದ. ಅದನ್ನ ಕೈ ಬಿಡಬ್ಯಾಡ್ರಿ. ಒಮ್ಮೆ ಕೆಟ್ಟಿದ್ದಕ್ಕ ಹೆದರೂದು ಬ್ಯಾಡ.

ನಾ ಮಾಡೂದು ಹಿಂಗ: ಮೈದಾ 280 ಗ್ರಾಂ, ಸೋಡಾ ಒಂದು ಟೀ ಚಮಚ, ಉಪ್ಪು ಮುಕ್ಕಾಲು ಚಮಚ, ಬೆಣ್ಣೆ 225, ಬಿಳಿ ಸಕ್ಕರಿ 150, ಬ್ರೌನ್ ಶುಗರ್ 160, ಮೊಟ್ಟಿ ಎರಡು, ವೆನಿಲ್ಲಾ, ಚಾಕೊಲೇಟ್ ಚಿಪ್ಸ್ 300 ಗ್ರಾಂ. 30 ಗ್ರಾಂ ಉಂಡಿ ಕಟ್ಟಿದ್ರ 40 ಆಗ್ತಾವು. ಕಟ್ಟಿದ ಉಂಡಿ ಎಲ್ಲಾ ಒಂದು ಟ್ರೇದಾಗ ಒತ್ತೊತ್ತಾಗಿ ಇಟ್ಟು ಫ್ರೀಜರ್‌ನ್ಯಾಗ ಎರಡು ತಾಸು ಇಡ್ರಿ. ಕಲ್ಲಾದ ಮ್ಯಾಲ ಚೀಲಕ್ಕ ತುಂಬ್ರಿ. ಮೂರು ತಿಂಗಳ ತನಕ ಏನೂ ಆಗಂಗಿಲ್ಲ. ಬೇಕಾದ ದಿನ ಕರಗಿಸದs ಹಂಗ ಟ್ರೇಕ್ಕ ಇಟ್ಟು ಬೇಯಿಸ್ರಿ, ಒಂದೆರಡು ನಿಮಿಷ ಹೆಚ್ಚು ಹಿಡಿತದ ಅಷ್ಟ. ಗಟ್ಟಿ ಉಂಡಿ ಹರಡೂದೂ ಕಡಿಮಿ.

ಎರಡನೇ ಟ್ರೇ

ಸೋಡಾಪುಡಿಯವರೇ, ಫ್ರೀಜರ್ ಉಪಾಯಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ 200ರ ಲೆಕ್ಕದಲ್ಲಿ ಟ್ರೇ ಮೇಲಿನ ಜಾಗ ನೋಡಬೇಕು. ಹರಡುವ ಕುಕೀಸ್ ಒಂದು ಟ್ರೇಗೆ 12 ಇಡಬಹುದು. ಅಂದರೆ 17 ಟ್ರೇ. ಎರಡೆರಡು ಒಳಗಿಟ್ಟರೂ ಒಂಬತ್ತು ಸರದಿ, ಸರದಿಗೆ 12 ನಿಮಿಷ, ನಡುವೆ ತೆಗೆದು ಇಡುವ ಹೊತ್ತು ಬೇರೆ. ಎರಡೂವರೆ ಗಂಟೆ ನಿಂತಿರಬೇಕು. ಶಾರ್ಟ್‌ಬ್ರೆಡ್ ಹೆಚ್ಚು ಹರಡುವುದಿಲ್ಲ, ಒಂದು ಟ್ರೇಗೆ 20 ಹಿಡಿಸುತ್ತದೆ. ಹತ್ತು ಟ್ರೇ, ಐದು ಸರದಿ. ಒಂದೂವರೆ ಗಂಟೆ, ಸ್ವಲ್ಪ ಆಚೀಚೆ.

ಇನ್ನು ಎರಡು ಟ್ರೇ ಒಟ್ಟಿಗೆ ಇಡುವ ವಿಷಯ. ಒಂದು ಮೇಲಿನ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಕೆಳಗಿನ ಮೂರನೇ ಒಂದು ಭಾಗದಲ್ಲಿ ಇರಲಿ. ಅರ್ಧ ಹೊತ್ತಾದ ಮೇಲೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸಿ. ಹಿಂದಿನ ಅಂಚು ಮುಂದಕ್ಕೆ ಬರುವ ಹಾಗೆ ತಿರುಗಿಸುವುದನ್ನೂ ಮರೆಯಬೇಡಿ. ಪ್ರತಿ ಓವನಿಗೂ ಒಂದು ಬಿಸಿ ಮೂಲೆ ಇರುತ್ತದೆ. ಫ್ಯಾನ್ ಇರುವ ಓವನ್ ಆದರೆ ಹೇಳಿದ ಡಿಗ್ರಿಗಿಂತ 20 ಕಡಿಮೆ ಇಡಿ. ಕಪ್ಪು ಬಣ್ಣದ ಟ್ರೇಯ ತಳ ಬೇಗ ಕಂದುತ್ತದೆ. ನಿಮ್ಮ ಎರಡು ಟ್ರೇ ಬೇರೆ ಬೇರೆ ಬಣ್ಣದವಾದರೆ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಪಾಠ ಹೇಳಿದ ಹಾಗೆ, ಒಂದೊಂದನ್ನೂ ಪ್ರತ್ಯೇಕವಾಗಿ ಗಮನಿಸಬೇಕು.

ಚಿಕ್ಕ ಓವನ್

ಮೇಜಿನ ಮೇಲಿಡುವ ಚಿಕ್ಕ ಓವನ್ ಇರುವವರು ಎರಡು ಟ್ರೇ ಇಡಲು ಹೋಗಬೇಡಿ ಎಂದು ಸೇರಿಸುತ್ತೇನೆ. ಕಾಯಿಲ್‌ಗೆ ತೀರಾ ಹತ್ತಿರವಾಗಿ ಒಂದರ ನೆತ್ತಿ ಕರಕಲು, ಇನ್ನೊಂದರ ತಳ ಕರಕಲು. ನಡುವಿನ ಹಂತದಲ್ಲಿ ಒಂದೇ ಟ್ರೇ. ಬಾಗಿಲು ಪದೇ ಪದೇ ತೆಗೆದರೆ ಕಾವು ಬೇಗ ಬಿದ್ದುಹೋಗುತ್ತದೆ. ಒಳಗಿಡುವ ಓವನ್ ಥರ್ಮಾಮೀಟರ್ ಒಂದು ತಂದ ಮೇಲೆ ನನಗೆ ಗೊತ್ತಾದದ್ದು: ಗುಂಡಿ 180 ಎಂದು ತೋರಿಸುವಾಗ ಒಳಗೆ 160 ಇತ್ತು. ಎಷ್ಟೋ ದಿನ ಪಾಕವನ್ನೇ ಬೈದಿದ್ದೆ.

ಹಿಟ್ಟಿನ ಕೈ

ಇಷ್ಟು ಜನ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಮನಸ್ಸು ತುಂಬಿತು. ಎರಡೂ ಮಾಡೋಣ ಎನಿಸುತ್ತಿದೆ: ಪೊಟ್ಟಣಕ್ಕೆ ಮೂರು ಶಾರ್ಟ್‌ಬ್ರೆಡ್, ಒಂದು ಚಾಕೊಲೇಟ್ ಚಿಪ್. ಮೊಟ್ಟೆ ತಿನ್ನದವರಿಗೆ ಚಾಕೊಲೇಟ್ ಚಿಪ್ ಹೇಗೆ ಮಾಡಲಿ?

ಅಗಸೆ ಬೀಜ

ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ, ಮೂರು ದೊಡ್ಡ ಚಮಚ ನೀರು. ಕಲಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಅದೇ ಮೊಟ್ಟೆಯ ಬದಲಿಗೆ. ಹಿಡಿದಿಡುವ ಕೆಲಸ ಮಾಡುತ್ತದೆ. ಆದರೆ ಮೊಟ್ಟೆಯಷ್ಟು ಎತ್ತಿ ಕೊಡುವುದಿಲ್ಲ, ಬಣ್ಣವೂ ಸ್ವಲ್ಪ ಕಡಿಮೆ. ಪುಡಿ ನುಣ್ಣಗಿರಲಿ, ಇಲ್ಲದಿದ್ದರೆ ಹಲ್ಲಿಗೆ ಸಿಗುತ್ತದೆ.

ಡಬ್ಬದ ಮುಚ್ಚಳ

ದಯವಿಟ್ಟು ಆ ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಬೇಡಿ! ಇಷ್ಟು ಕಷ್ಟಪಟ್ಟು ಮಾಡಿದ್ದು ಅಲ್ಲೇ ಕೆಡುತ್ತದೆ. ಮೆತ್ತನೆಯ ಕುಕೀಸಿನಲ್ಲಿ ತೇವ ಹೆಚ್ಚು. ಬ್ರೌನ್ ಶುಗರಿನಲ್ಲಿರುವ ಕಾಕಂಬಿ ಆ ತೇವವನ್ನು ಹಿಡಿದಿಡುತ್ತದೆ. ಗರಿಗರಿ ಶಾರ್ಟ್‌ಬ್ರೆಡ್ ಪಕ್ಕದಲ್ಲಿ ಕೂತರೆ ಆ ತೇವವನ್ನು ಎಳೆದುಕೊಳ್ಳುತ್ತದೆ. ಒಂದೇ ರಾತ್ರಿಯಲ್ಲಿ ಗರಿಗರಿಯದು ಮೆತ್ತಗೆ, ಮೆತ್ತನೆಯದು ಒಣಗಿದ ಹಾಗೆ. ನಾನು ಹೀಗೆ ಮಾಡಿ ಎರಡೂ ಹಾಳುಮಾಡಿಕೊಂಡಿದ್ದೇನೆ. ತಿಂದವರು ಒಳ್ಳೆಯ ಮಾತೇ ಆಡಿದರು, ಆದರೆ ನಾನೂ ಒಂದು ತಿಂದು ನೋಡಿದ್ದೆನಲ್ಲ.

ಒಂದು ಪೊಟ್ಟಣಕ್ಕೆ ಒಂದೇ ಗುಣದ ಕುಕೀಸ್. ಗರಿಗರಿ ಆದರೆ ಎಲ್ಲ ಗರಿಗರಿ. ಹಾಗೆಯೇ ಪುದೀನ, ಕಾಫಿಯಂಥ ಗಾಢ ಪರಿಮಳದವನ್ನು ಬೇರೆ ಇಡಿ, ರಾತ್ರಿ ಕಳೆಯುವಷ್ಟರಲ್ಲಿ ಎಲ್ಲಕ್ಕೂ ಅದೇ ವಾಸನೆ.

ಗಾಳಿಯಾಡದ ಡಬ್ಬದಲ್ಲಿ ಶಾರ್ಟ್‌ಬ್ರೆಡ್ ಒಂದು ವಾರ ಧಾರಾಳವಾಗಿ ಗರಿಗರಿಯಾಗಿರುತ್ತದೆ. ಚಾಕೊಲೇಟ್ ಚಿಪ್ ಮೂರು ನಾಲ್ಕು ದಿನ ಚೆನ್ನ. ಹಂಚುವ ಮುನ್ನಾದಿನ ಬೇಯಿಸಲು ಆಗದವರಿಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು.

ಸೋಡಾಪುಡಿ

ಇದು ನನಗ ಹೊಳೆದಿರಲಿಲ್ಲ ನೋಡ್ರಿ. ಡಬ್ಬದ ಮುಚ್ಚಳದವರು ಹೇಳಿದ್ದು ನೂರಕ್ಕ ನೂರು ಸರಿ. ನಾ ಯಾವಾಗಲೂ ಒಂದs ಜಾತಿ ಮಾಡಿ ಕೊಡ್ತೀನಿ, ಹಿಂಗಾಗಿ ಗೊತ್ತಾಗಿಲ್ಲ. ಹಂಗಾದ್ರ ಒಂದು ಮಾತು: ಶಾರ್ಟ್‌ಬ್ರೆಡ್ ಹಿಟ್ಟಿಗೇ ಚಾಕೊಲೇಟ್ ಹಾಕ್ರಲ್ಲ. ಒಂದು ರೋಲಿಗೆ 80 ಗ್ರಾಂ ಸಾಕು. ಚಿಪ್ಸ್ ಇಡಿಯಾಗಿ ಹಾಕಬ್ಯಾಡ್ರಿ, ಕತ್ತರಿಸುವಾಗ ಚಾಕು ಅದಕ್ಕ ಸಿಕ್ಕಿ ಬಿಲ್ಲಿ ಒಡಿತಾವು. ಸಣ್ಣಗೆ ಹೆಚ್ಚಿ ಹಾಕ್ರಿ. ಗರಿಗರಿನೂ ಆತು, ಚಾಕೊಲೇಟೂ ಆತು, ಮೊಟ್ಟಿ ಪ್ರಶ್ನಿನೂ ಮುಗೀತು.

ತೂಕದ ತಕ್ಕಡಿ

ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಒಂದೇ ಹಿಟ್ಟಿನಿಂದ ಬೇರೆ ರುಚಿಗಳೂ ಆಗುತ್ತವೆ. 300 ಗ್ರಾಂ ಮೈದಾದಲ್ಲಿ 30 ಗ್ರಾಂ ತೆಗೆದು ಅಷ್ಟೇ ಕೋಕೋ ಪುಡಿ ಹಾಕಿದರೆ ಕೋಕೋ ರೋಲ್. ಎರಡು ನಿಂಬೆಹಣ್ಣಿನ ಸಿಪ್ಪೆಯ ಹಳದಿ ಭಾಗವನ್ನು ಮಾತ್ರ ತುರಿದು ಸಕ್ಕರೆಯ ಜೊತೆ ಉಜ್ಜಿ ಹಾಕಿದರೆ ನಿಂಬೆ ರೋಲ್. ಬಿಳಿ ಭಾಗ ಬಂದರೆ ಕಹಿ. ಏನೂ ಸೇರಿಸದ ಸಾದಾ ರೋಲನ್ನು ಹರಳು ಸಕ್ಕರೆಯಲ್ಲಿ ಹೊರಳಿಸಿ ಕತ್ತರಿಸಿದರೆ ಅಂಚು ಮಿನುಗುತ್ತದೆ, ನೋಡಲಿಕ್ಕೆ ಬಹಳ ಚಂದ.

ಹೊಸ ಕೈ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಣ್ಣೆ ಬದಲು ಮಾರ್ಗರಿನ್ (ಸಸ್ಯದ ಎಣ್ಣೆಯಿಂದ ಮಾಡುವ ಬೆಣ್ಣೆಯಂಥದ್ದು) ಹಾಕಬಹುದಾ?

ನಿಧಾನ ಕಾವು

ಗಟ್ಟಿ ಕಟ್ಟಿಯಾಗಿ ಬರುವ, ಕೊಬ್ಬು ಶೇ 80ರಷ್ಟಿರುವ ಮಾರ್ಗರಿನ್ ಆದರೆ ಹಿಟ್ಟು ನಿಲ್ಲುತ್ತದೆ. ಬ್ರೆಡ್ಡಿಗೆ ಸವರಲೆಂದು ಡಬ್ಬಿಯಲ್ಲಿ ಬರುವುದು ಬೇಡವೇ ಬೇಡ, ಅದರಲ್ಲಿ ನೀರು ಹೆಚ್ಚು. ಆದರೆ ಶಾರ್ಟ್‌ಬ್ರೆಡ್ಡಿನಲ್ಲಿ ಬೆಣ್ಣೆ ಬಿಟ್ಟರೆ ರುಚಿ ಕೊಡುವ ವಸ್ತು ಇನ್ನೊಂದಿಲ್ಲ. ಮಾರ್ಗರಿನ್ ಹಾಕಲೇಬೇಕಾದರೆ ಕೋಕೋ ಅಥವಾ ನಿಂಬೆಯ ರೋಲಿಗೆ ಹಾಕಿ. ಮನಸ್ಸಿನಲ್ಲಿದ್ದದ್ದು ಹೇಳಬೇಕೆಂದರೆ, ಬೇರೆಯವರಿಗೆ ಕೊಡುವಾಗ 210ರ ಬದಲು 150 ಮಾಡಿ, ಬೆಣ್ಣೆಯಲ್ಲೇ ಮಾಡಿ.

ಹಿಟ್ಟಿನ ಕೈ

ಇವತ್ತು ಎರಡು ರೋಲ್ ಮಾಡಿ ನೋಡಿದೆ. ರುಚಿ ಅದ್ಭುತ. ಆದರೆ ಎರಡು ತೊಂದರೆ. ಕತ್ತರಿಸುವಾಗ ಅಂಚು ಪುಡಿಪುಡಿಯಾಗಿ ಉದುರಿತು, ಹತ್ತರಲ್ಲಿ ಮೂರು ಒಡೆದವು. ಇನ್ನೊಂದು, ಗುಂಡಗೆ ಮಾಡಿದ ರೋಲ್ ಕತ್ತರಿಸುತ್ತಾ ಹೋದಂತೆ ತಳ ಚಪ್ಪಟೆಯಾಗಿ ಬಿಲ್ಲೆಗಳು ಅರ್ಧಚಂದ್ರದ ಹಾಗೆ ಕಂಡವು. ಮತ್ತೆ, 18 ನಿಮಿಷವಾದರೂ ಬಣ್ಣ ಬಿಳಿಚಿಕೊಂಡೇ ಇತ್ತು. ಬೆಂದಿದೆಯೋ ಇಲ್ಲವೋ ಎಂದು ಅನುಮಾನ.

ತೂಕದ ತಕ್ಕಡಿ

ರೋಲ್ ಎಷ್ಟು ಹೊತ್ತು ಫ್ರಿಜ್‌ನಲ್ಲಿತ್ತು?

ಹಿಟ್ಟಿನ ಕೈ

ರಾತ್ರಿಯಿಡೀ. ತೆಗೆದ ಕೂಡಲೇ ಕತ್ತರಿಸಿದೆ.

ತೂಕದ ತಕ್ಕಡಿ

ಅದೇ ಕಾರಣ. ರಾತ್ರಿಯಿಡೀ ಇಟ್ಟದ್ದು ತಪ್ಪಲ್ಲ, ಹಾಗೆ ಇಡುವುದೇ ಒಳ್ಳೆಯದು, ಮೈದಾ ತೇವವನ್ನು ಸಮನಾಗಿ ಹೀರಿಕೊಳ್ಳುತ್ತದೆ. ಆದರೆ ತೆಗೆದ ಮೇಲೆ ಹತ್ತು ನಿಮಿಷ ಹೊರಗೆ ಬಿಡಿ. ಕಲ್ಲಿನಂತಿರುವ ಬೆಣ್ಣೆ ಚಾಕುವಿಗೆ ಬಾಗುವುದಿಲ್ಲ, ಒಡೆಯುತ್ತದೆ. ತೆಳು ಅಲಗಿನ ಚಾಕು, ಒಂದೇ ಒತ್ತು, ಗರಗಸದ ಹಾಗೆ ಎಳೆಯಬೇಡಿ. ಉದುರಿದ ಅಂಚನ್ನು ಬೆರಳಲ್ಲಿ ಒತ್ತಿದರೆ ಕೂಡಿಕೊಳ್ಳುತ್ತದೆ, ಯಾರಿಗೂ ತಿಳಿಯುವುದಿಲ್ಲ. ಚಪ್ಪಟೆಯಾಗದಿರಲು ನಾಲ್ಕೈದು ಬಿಲ್ಲೆಗೊಮ್ಮೆ ರೋಲನ್ನು ಕಾಲು ಸುತ್ತು ತಿರುಗಿಸಿ. ಅದೂ ಬೇಡವೆಂದರೆ ಮೊದಲೇ ರೋಲನ್ನು ನಾಲ್ಕು ಮೂಲೆಯಾಗಿ ತಟ್ಟಿಬಿಡಿ. ಚೌಕ ಕುಕೀಸ್ ಪೊಟ್ಟಣದಲ್ಲಿ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂರುತ್ತವೆ. ನಾನು ಈಗ ಚೌಕವನ್ನೇ ಮಾಡುವುದು.

ನಿಧಾನ ಕಾವು

ಬಣ್ಣದ ಬಗ್ಗೆ ನಾನು ಹೇಳುತ್ತೇನೆ. ಕುಕೀಸ್ ಕಂದುಬಣ್ಣಕ್ಕೆ ತಿರುಗುವುದು ಹೆಚ್ಚಾಗಿ ಪ್ರೋಟೀನ್ ಮತ್ತು ಸಕ್ಕರೆ ಕಾವಿಗೆ ಕೂಡಿಕೊಳ್ಳುವುದರಿಂದ. ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಆ ಕ್ರಿಯೆಗೆ ನಿಂತಿದೆ. ಸೋಡಾದ ಕ್ಷಾರ ಇದನ್ನು ಚುರುಕು ಮಾಡುತ್ತದೆ, ಮೊಟ್ಟೆಯ ಪ್ರೋಟೀನೂ ಸೇರುತ್ತದೆ. ಚಾಕೊಲೇಟ್ ಚಿಪ್ ಕುಕೀಸ್ ಅಷ್ಟು ಬೇಗ ಹೊಂಬಣ್ಣ ತಾಳುವುದು ಅದಕ್ಕೇ. ಶಾರ್ಟ್‌ಬ್ರೆಡ್ಡಿನಲ್ಲಿ ಎರಡೂ ಇಲ್ಲ, ಕಾವೂ ಕಡಿಮೆ. ಅದು ಬಿಳಿಚಿಕೊಂಡಿರುವುದೇ ಸಹಜ. ಮೇಲ್ಭಾಗ ನೋಡಿ ಕಾಯಬೇಡಿ. ಅಂಚು ತುಸು ಹೊಂಬಣ್ಣ, ಒಂದನ್ನು ಎತ್ತಿ ನೋಡಿದರೆ ತಳ ತಿಳಿಗಂದು: ಬೆಂದಿದೆ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ತಣಿದ ಮೇಲೆ ಗರಿಗರಿ. ಮೆತ್ತಗಿದೆ ಎಂದು ಮತ್ತೆ ಐದು ನಿಮಿಷ ಇಟ್ಟರೆ ಬೆಣ್ಣೆಯ ರುಚಿ ಹೋಗಿ ಸುಟ್ಟ ರುಚಿ ಬರುತ್ತದೆ. ಟ್ರೇ ಮೇಲೇ ಐದು ನಿಮಿಷ ಬಿಟ್ಟು ಆಮೇಲೆ ಜಾಲರಿಗೆ ಹಾಕಿ.

ಏನೇ ಮಾಡುವಾಗಲೂ ಮೊದಲು ಒಂದೇ ಒಂದು ಕುಕೀಸ್ ಬೇಯಿಸಿ ನೋಡಿ. ಹರಡಿದರೆ ಫ್ರಿಜ್‌ಗೆ, ಒಣಗಿದರೆ ಒಂದು ಚಮಚ ಹಾಲು. 20 ಇಟ್ಟ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ.

ಹೊಸ ಕೈ

ಹಸಿ ಹಿಟ್ಟು ರುಚಿ ನೋಡಬಹುದಲ್ಲ? ಮೊಟ್ಟೆ ಹೇಗೂ ಇಲ್ಲ.

ಅಗಸೆ ಬೀಜ

ಬೇಡ. ಮೊಟ್ಟೆ ಇಲ್ಲದಿದ್ದರೂ ಮೈದಾ ಹಸಿಯೇ. ಗಿರಣಿಯಿಂದ ಬರುವ ಹಿಟ್ಟಿನಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಇರುವ ಸಾಧ್ಯತೆ ಉಂಟು, ಬೇಯಿಸಿದರೆ ಮಾತ್ರ ಸಾಯುತ್ತವೆ. ಮಕ್ಕಳು ಪಾತ್ರೆ ನೆಕ್ಕದಂತೆ ನೋಡಿಕೊಳ್ಳಿ. ಉಪ್ಪು, ಸಿಹಿ ನೋಡಲು ಮೇಲೆ ಹೇಳಿದ ಆ ಒಂದು ಕುಕೀಸ್ ಇದೆಯಲ್ಲ.

ಡಬ್ಬದ ಮುಚ್ಚಳ

ಪೊಟ್ಟಣ ಕಟ್ಟುವ ಮೊದಲು ಒಂದೆರಡು ಮಾತು. ಕುಕೀಸ್ ಪೂರ್ತಿ ತಣಿಯಬೇಕು. ಕೈಗೆ ತಣ್ಣಗೆನಿಸಿದರೂ ಒಳಗೆ ಬಿಸಿ ಇರುತ್ತದೆ, ಒಂದು ಗಂಟೆಯಾದರೂ ಜಾಲರಿಯ ಮೇಲಿರಲಿ. ಬೆಚ್ಚಗಿರುವಾಗ ಮುಚ್ಚಿದರೆ ಹಬೆ ನೀರಾಗಿ ಅಲ್ಲೇ ಮೆತ್ತಗಾಗುತ್ತವೆ.

ಪ್ರತಿ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಬರೆಯಿರಿ: ಮೈದಾ, ಬೆಣ್ಣೆ, ಸಕ್ಕರೆ, ಕೋಕೋ. 50 ಜನರಲ್ಲಿ ಯಾರಿಗೆ ಯಾವ ಅಲರ್ಜಿ ಇದೆಯೋ ನಿಮಗೆ ಗೊತ್ತಿರುವುದಿಲ್ಲ. ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಬಾದಾಮಿ-ಗೋಡಂಬಿ, ಎಳ್ಳು, ಸೋಯಾ ಇವು ಹೆಚ್ಚಾಗಿ ತೊಂದರೆ ಕೊಡುವಂಥವು. ಚಾಕೊಲೇಟಿನಲ್ಲೂ ಸೋಯಾ ಲೆಸಿಥಿನ್ ಇರುವುದುಂಟು, ಪೊಟ್ಟಣದ ಹಿಂಭಾಗ ಓದಿ. ಬೀಜ ಹಾಕಿದ ರೋಲ್ ಮಾಡುವುದಾದರೆ ಚಾಕು, ಹಲಗೆ, ಹಾಳೆ ಬೇರೆ ಇರಲಿ, ಅಥವಾ ಎಲ್ಲಕ್ಕಿಂತ ಕೊನೆಗೆ ಕತ್ತರಿಸಿ. ನನ್ನ ಸಲಹೆ ಕೇಳಿದರೆ, ಗುರುತಿಲ್ಲದವರಿಗೆ ಹಂಚುವಾಗ ಬೀಜವನ್ನೇ ಬಿಟ್ಟುಬಿಡಿ.

ಸಂಜೆಯ ಕೆಲಸ

ಚರ್ಚೆ ಓದುತ್ತಾ ಬಂದೆ. ನನಗೆ ರೋಲ್, ಫ್ರಿಜ್, ಮೂರು ದಿನ ಇದಕ್ಕೆಲ್ಲ ಪುರುಸೊತ್ತಿಲ್ಲ. ನಾಳೆ ಬೆಳಿಗ್ಗೆ 60 ಜನರಿಗೆ ಒಂದೊಂದು ಬೇಕು, ಕೈಯಲ್ಲಿರುವುದು ಇವತ್ತಿನ ಸಂಜೆ. ಏನಾದರೂ ದಾರಿ?

ಎರಡನೇ ಟ್ರೇ

ಇದೆ. ಉಂಡೆಯೂ ಬೇಡ, ಬಿಲ್ಲೆಯೂ ಬೇಡ. 30ಕ್ಕೆ 40 ಸೆಂಟಿಮೀಟರ್ ಟ್ರೇ ನಿಮ್ಮ ಓವನಿಗೆ ಹಿಡಿಸುತ್ತದೆಯಾ? ಹಿಡಿಸಿದರೆ ಸಕ್ಕರೆ 240 ಗ್ರಾಂ, ಬೆಣ್ಣೆ 480, ಮೈದಾ 720. ಅದೇ ಒಂದು, ಎರಡು, ಮೂರು ಪಾಲು. ಬಟರ್ ಪೇಪರ್ ಹಾಸಿದ ಟ್ರೇಗೆ ಸುರಿದು, ಚಪ್ಪಟೆ ತಳದ ಲೋಟದಿಂದ ಒತ್ತಿ ಸಮ ಮಾಡಿ, ಫೋರ್ಕಿನಿಂದ ಎಲ್ಲ ಕಡೆ ಚುಚ್ಚಿ. 160 ಡಿಗ್ರಿ, 35ರಿಂದ 40 ನಿಮಿಷ. ಹೊರಗೆ ತೆಗೆದು ಐದು ನಿಮಿಷದೊಳಗೆ ಕತ್ತರಿಸಿಬಿಡಿ: ಅಗಲಕ್ಕೆ ಆರು ಸಾಲು, ಉದ್ದಕ್ಕೆ ಹತ್ತು. 60 ತುಂಡು. ತಣಿದ ಮೇಲೆ ಕತ್ತರಿಸಲು ಹೋದರೆ ಚೂರು ಚೂರಾಗುತ್ತದೆ, ಅದೊಂದು ನೆನಪಿರಲಿ. ಕಲಸುವುದರಿಂದ ಕತ್ತರಿಸುವ ತನಕ ಒಂದೂಕಾಲು ಗಂಟೆ.

ಸಂಜೆಯ ಕೆಲಸ

ಹಿಡಿಸುತ್ತದೆ. ಬೆಣ್ಣೆ ಈಗಲೇ ಹೊರಗಿಟ್ಟೆ. ತುಂಬಾ ಉಪಕಾರವಾಯಿತು.

ಅಗಸೆ ಬೀಜ

ಮೈದಾ ಮುಟ್ಟದವರಿಗೂ ಒಂದು ಹೇಳಿಬಿಡುತ್ತೇನೆ. 250 ಗ್ರಾಂ ಪೀನಟ್ ಬಟರ್, 200 ಗ್ರಾಂ ಸಕ್ಕರೆ, ಒಂದು ಮೊಟ್ಟೆ. ಕಲಸಿ, 20 ಗ್ರಾಂ ಉಂಡೆ ಕಟ್ಟಿ, ಫೋರ್ಕಿನಿಂದ ಒತ್ತಿ, 175 ಡಿಗ್ರಿಯಲ್ಲಿ ಹತ್ತು ನಿಮಿಷ. 25 ಆಗುತ್ತವೆ. ಬಿಸಿಯಾಗಿರುವಾಗ ಮುಟ್ಟಬೇಡಿ, ಪುಡಿಯಾಗುತ್ತವೆ. ಕಡಲೆಕಾಯಿ ಅಲರ್ಜಿ ಇರುವವರಿಂದ ಮಾತ್ರ ದೂರ ಇಡಿ.

ಸೋಡಾಪುಡಿ

ಮಾತು ಬಂತಂತ ಹೇಳ್ತೀನಿ. ಚಾಕೊಲೇಟ್ ಚಿಪ್ ಕುಕೀಸ್ ಶುರು ಆಗಿದ್ದು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ವ್ಹಿಟ್ಮನ್ ಊರಾಗಿನ ಟೋಲ್ ಹೌಸ್ ಇನ್ ಅನ್ನೋ ಊಟದ ಮನಿಯೊಳಗ. ರೂತ್ ವೇಕ್‌ಫೀಲ್ಡ್ ಅನ್ನೋ ಹೆಣ್ಣುಮಗಳು 1938ರ ಸುಮಾರಿಗೆ ಮಾಡಿದ್ದು. ಬಂದ ಮಂದಿಗೆ ಬಡಿಸಲಿಕ್ಕಂತ ಮಾಡಿದ್ದು ಅದು. ಹಿಂಗಾಗಿ ನನಗ ಅದರ ಮ್ಯಾಲ ಪ್ರೀತಿ ಜಾಸ್ತಿ. ಮುಂದಿನ ಸಲಕ್ಕರ ಅದನ್ನ ಮಾಡ್ರಿ, ಬ್ಯಾರೆ ಪೊಟ್ಟಣದಾಗ!

ಹಿಟ್ಟಿನ ಕೈ

ಕೂಟ ಮುಗಿಯಿತು. ಕೇಳಿದವರಿಗಾಗಿ ನಡೆದದ್ದೆಲ್ಲ ಬರೆಯುತ್ತೇನೆ.

ಬುಧವಾರ ಸಂಜೆ ನಾಲ್ಕು ರೋಲ್, ಗುರುವಾರ ಸಂಜೆ ಮೂರು ರೋಲ್ ಕಲಸಿದೆ. ಸಾದಾ ಎರಡು, ಕೋಕೋ ಎರಡು, ಹೆಚ್ಚಿದ ಚಾಕೊಲೇಟ್ ಹಾಕಿದ್ದು ಎರಡು, ನಿಂಬೆ ಒಂದು. ಎಲ್ಲವನ್ನೂ ಚೌಕವಾಗಿ ತಟ್ಟಿ ಫ್ರಿಜ್‌ನಲ್ಲಿಟ್ಟೆ. ಸಂಜೆಗೆ ಒಂದು ಗಂಟೆಯ ಕೆಲಸ, ಅಷ್ಟೇ. ಶನಿವಾರ ಬೆಳಿಗ್ಗೆ ಒಂದು ಬಿಲ್ಲೆ ಬೇಯಿಸಿ ನೋಡಿದೆ. ನನ್ನ ಓವನಿಗೆ 165ರಲ್ಲಿ 17 ನಿಮಿಷ ಸರಿಹೊಂದಿತು. ಒಂಬತ್ತಕ್ಕೆ ಶುರು ಮಾಡಿದ್ದು, ಹನ್ನೊಂದು ಗಂಟೆಗೆ ಕೊನೆಯ ಟ್ರೇ ಹೊರಗೆ ಬಂತು. ಟ್ರೇ ತಣಿಸುವುದರಲ್ಲಿ ಹೊತ್ತು ಹೋಯಿತು. ಕೊನೆಯ ಟ್ರೇಯ ಕುಕೀಸ್ ಮೊದಲ ಟ್ರೇಯವುಗಳ ಹಾಗೆಯೇ ಇದ್ದವು. ಅವೆರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಮೂರನೇ ಸರದಿಯಲ್ಲಿ ತಿರುಗಿಸುವುದು ಮರೆತೆ. ಹಿಂದಿನ ಸಾಲಿನ ನಾಲ್ಕು ಹೆಚ್ಚು ಕಂದಿದವು, ಅವು ಮನೆಗೆ. ಕತ್ತರಿಸುವಾಗ ಮುರಿದವನ್ನೂ ಕಳೆದು ಪೊಟ್ಟಣಕ್ಕೆ ಸರಿಯಾಗಿ 202 ಸಿಕ್ಕಿದವು. ಪ್ರತಿಯೊಂದರ ಮೇಲೂ ಒಳಗಿರುವುದನ್ನು ಬರೆದಿದ್ದೆ. ಬಳಗದ ಹಿರಿಯರೊಬ್ಬರು ಅದನ್ನು ಓದಿ, "ಮೊಟ್ಟೆ ಇಲ್ಲವಾ? ಹಾಗಾದರೆ ನಾನೂ ತಿನ್ನಬಹುದು" ಎಂದು ಅಲ್ಲೇ ಬಿಚ್ಚಿದರು. ಪ್ರತಿ ಸಲ ಬೇರೆಯವರು ತಿನ್ನುವಾಗ ಅವರು ಸುಮ್ಮನೆ ಕೂತಿರುತ್ತಿದ್ದರು ಎನ್ನುವುದು ನನಗೆ ಆಗಲೇ ಗಮನಕ್ಕೆ ಬಂದದ್ದು.

ಎಲ್ಲರೂ ಮೊದಲು ಕೇಳಿದ್ದು ನಿಂಬೆಯದು. ನಾನು ಮಾಡಿದ್ದು ಒಂದೇ ರೋಲ್.

ತೂಕದ ತಕ್ಕಡಿ

ಮುಂದಿನ ಸಲ ನಿಂಬೆ ಮೂರು ರೋಲ್ ಮಾಡಿ. ತುರಿಯನ್ನು ಸಕ್ಕರೆಯ ಜೊತೆ ಹಿಂದಿನ ರಾತ್ರಿಯೇ ಉಜ್ಜಿ ಮುಚ್ಚಿಟ್ಟರೆ ಪರಿಮಳ ಇನ್ನೂ ಚೆನ್ನಾಗಿ ಇಳಿಯುತ್ತದೆ.

ಹೊಸ ಕೈ

ನಾನು ಇವತ್ತು ಮೊದಲ ಸಲ ಒಂದು ರೋಲ್ ಮಾಡಿ ಫ್ರೀಜರಿನಲ್ಲಿಟ್ಟೆ. ಫ್ರೀಜರಿನಿಂದ ತೆಗೆದ ಮೇಲೂ ಹತ್ತೇ ನಿಮಿಷ ಸಾಕಾ?

ಹಿಟ್ಟಿನ ಕೈ

ಸಾಕಾಗುವುದಿಲ್ಲ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿಡಿ, ಬೆಳಿಗ್ಗೆ ಹತ್ತು ನಿಮಿಷ ಹೊರಗೆ ಬಿಟ್ಟು ಕತ್ತರಿಸಿ. ಮತ್ತೆ ರೋಲಿನ ಮೇಲೆ ತಾರೀಖು ಬರೆದಿದ್ದೀರಾ?